ಭೀಮಗಡದ ಹಳ್ಳಿಗಳಿಗೆ ಸ್ವಂತ ಪಂಚಾಯಿತಿ ಬೇಕು

ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಸವದತ್ತಿಯ ನವಿಲುತೀರ್ಥದಲ್ಲಿ ನಿಂತು, ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯುವ ನೀರಾಗಿ, ಪಟ್ಟದಕಲ್ಲು, ಐಹೊಳೆ ದಾಟಿ ಕೂಡಲಸಂಗಮದಲ್ಲಿ ಕೃಷ್ಣೆ ಸೇರುತ್ತಾಳೆ. ಇದು ನಮ್ಮ ಕಡೆ ಶಾಲೆ ಹುಡುಗರಿಗೂ ಗೊತ್ತು. ಕಳಸಾ-ಬಂಡೂರಿ ಹೋರಾಟದಿಂದ ಕಣಕುಂಬಿಯ ಹೆಸರು ನರಗುಂದ, ನವಲಗುಂದದ ರೈತರ ಬಾಯಲ್ಲೂ ಇದೆ. ಅದೇ ತಾಲ್ಲೂಕಿನ ಭೀಮಗಡ ಕಾಡಿನ ಒಳಗಿನ ಆಮಗಾಂವ, ಗವಾಳಿ, ಕೊಂಗಳಾ, ಪಾಸ್ತೋಳಿ, ದೇಗಾಂವ, ಮೆಂಡಿಲ, ಕೃಷ್ಣಾಪುರ ಎಂಬ ಹಳ್ಳಿಗಳು ಬೆಳಗಾವಿ ಪೇಟೆಯಲ್ಲೇ ಎಷ್ಟು ಮಂದಿಗೆ ಗೊತ್ತು? ಮಳೆಗಾಲದಲ್ಲಿ ರೋಗಿಯನ್ನು ಹೆಗಲ ಮೇಲೆ ಹೊತ್ತು ತಂದ ಫೋಟೋ ಪತ್ರಿಕೆಯಲ್ಲಿ ಬಂದಾಗ ಒಂದು ವಾರ ಗೊತ್ತಿರುತ್ತದೆ, ಅಷ್ಟೇ.

ಕೇರಳದಲ್ಲಿ ನೆಲೆಸಿದ ನನ್ನಂಥ ಬೆಳಗಾವಿಯವನಿಗೆ ಇದಕ್ಕೆ ಹೋಲಿಕೆಯಾಗಿ ತಟ್ಟನೆ ನೆನಪಾಗುವುದು ಇಡುಕ್ಕಿ ಜಿಲ್ಲೆಯ ಇಡಮಲಕ್ಕುಡಿ. ಮುನ್ನಾರಿನ ಆಚೆ ಪೆಟ್ಟಿಮುಡಿಯಿಂದ ಒಳಗೆ ಹೋಗುವ ಕಾಡು. ಅಲ್ಲಿ ಇರುವವರು ಮುದುವಾನ್ ಜನ, ಎರಡು ಸಾವಿರ ಚಿಲ್ಲರೆ. ಮೊದಲು ಅದು ಮುನ್ನಾರ್ ಪಂಚಾಯಿತಿಯ ಒಂದು ವಾರ್ಡು. 2010ರಲ್ಲಿ ಅದನ್ನು ಬೇರ್ಪಡಿಸಿ ಕೇರಳದ ಮೊದಲ ಬುಡಕಟ್ಟು ಗ್ರಾಮ ಪಂಚಾಯಿತಿ ಮಾಡಿದರು. ಅಲ್ಲಿ ಎಲ್ಲವೂ ಸರಿಹೋಗಿದೆ ಎಂದು ಹೇಳುವುದಿಲ್ಲ. ಪಂಚಾಯಿತಿ ಕಚೇರಿಯೇ ವರ್ಷಗಟ್ಟಲೆ ಕಾಡಿನ ಹೊರಗೆ ದೇವಿಕುಳಂನಲ್ಲಿ ನಡೆಯಿತು. ರಸ್ತೆ ಕುಂಟುತ್ತ ಸಾಗಿದೆ. ಬಿದಿರಿಗೆ ಬಟ್ಟೆ ಕಟ್ಟಿದ ಮಂಚಲಿನಲ್ಲಿ ರೋಗಿಯನ್ನು ಹೊರುವುದು ಇನ್ನೂ ನಿಂತಿಲ್ಲ. ಆದರೂ ಆ ಕಾಡಿಗೆಂದೇ ಒಂದು ಬಜೆಟ್ ಇದೆ, ಅಧ್ಯಕ್ಷರ ಕುರ್ಚಿ ಇದೆ, ಒಳಗೇ ಒಂದು ಕುಟುಂಬ ಆರೋಗ್ಯ ಕೇಂದ್ರ ಬಂದಿದೆ. ಕೆಲಸ ಆಗದಿದ್ದರೆ ಯಾರನ್ನು ಕೇಳಬೇಕು ಎಂಬುದಕ್ಕೆ ಉತ್ತರವಿದೆ.

ಭೀಮಗಡದಲ್ಲಿ ಆ ಉತ್ತರವೇ ಇಲ್ಲ. 2011ರ ಡಿಸೆಂಬರಿನಲ್ಲಿ ಅಭಯಾರಣ್ಯವಾದ ಸುಮಾರು 190 ಚದರ ಕಿಲೋಮೀಟರ್ ಕಾಡಿನೊಳಗೆ 13 ಹಳ್ಳಿಗಳು, ಏಳುನೂರಕ್ಕೂ ಹೆಚ್ಚು ಕುಟುಂಬ, ಮೂರು ಸಾವಿರದಷ್ಟು ಜನ. ಅಂದರೆ ಇಡಮಲಕ್ಕುಡಿಗಿಂತ ಕಡಿಮೆಯೇನಲ್ಲ. ಆದರೆ ಈ ಮೂರು ಸಾವಿರ ಜನ ಕಾಡಂಚಿನ ಬೇರೆಬೇರೆ ಪಂಚಾಯಿತಿಗಳಲ್ಲಿ ಚೂರುಚೂರಾಗಿ ಹಂಚಿಹೋಗಿದ್ದಾರೆ. ಎಲ್ಲೂ ಬಹುಮತವಿಲ್ಲ. ಕ್ರಿಯಾಯೋಜನೆ ಬರೆಯುವಾಗ ದೊಡ್ಡ ಊರಿನ ಚರಂಡಿ ಮುಂದೆ ಬರುತ್ತದೆ, ಕಾಡಿನ ಕಾಲುಸಂಕ ಹಿಂದೆ ಬೀಳುತ್ತದೆ. ಇದರಲ್ಲಿ ಯಾರ ದುರುದ್ದೇಶವೂ ಬೇಕಿಲ್ಲ. ಮತದ ಲೆಕ್ಕವೇ ಸಾಕು.

ಕಾನೂನು ಅಡ್ಡ ಇದೆಯೇ? ಇಲ್ಲ. ಕರ್ನಾಟಕದಲ್ಲೂ ಕೇರಳದಲ್ಲೂ ಬುಡಕಟ್ಟು ಪ್ರದೇಶಗಳಿಗೆ ವಿಶೇಷ ಆಡಳಿತ ಕೊಡುವ ಸಂವಿಧಾನದ ಐದನೇ ಅನುಸೂಚಿಯ ಪ್ರದೇಶವಿಲ್ಲ, ಹಾಗಾಗಿ ಕೇರಳ ಇದನ್ನು ಮಾಡಿದ್ದು ಮಾಮೂಲಿ ಪಂಚಾಯತ್ ಕಾನೂನಿನಲ್ಲೇ. ನಮ್ಮ 1993ರ ಪಂಚಾಯತ್ ರಾಜ್ ಕಾಯ್ದೆ ಐದರಿಂದ ಏಳು ಸಾವಿರ ಜನಸಂಖ್ಯೆಗೆ ಒಂದು ಪಂಚಾಯಿತಿ ಎಂದಿತು, ಆದರೆ ಮಲೆನಾಡಿನ ಜಿಲ್ಲೆಗಳ ಜೊತೆ ಬೆಳಗಾವಿಯ ಹೆಸರನ್ನೂ ಬರೆದು 2,500 ಜನರಿದ್ದರೂ ಸಾಕು ಎಂಬ ವಿನಾಯಿತಿ ಇಟ್ಟಿತು. ವಿಶೇಷ ಸಂದರ್ಭವಿದ್ದರೆ ಅದಕ್ಕಿಂತ ಕಡಿಮೆಗೂ ದಾರಿ ಇದೆ. ಅದು ಬೇಕಾಗುತ್ತದೆ, ಯಾಕೆಂದರೆ ನೇರಸಾ ಕಡೆಯ ಗವಾಳಿ, ಕೊಂಗಳಾ, ಪಾಸ್ತೋಳಿಯ ಗುಂಪಿಗೂ ಪಶ್ಚಿಮದ ಆಮಗಾಂವಕ್ಕೂ ನಡುವೆ ಕಾಡೇ ಇದೆ. ಎರಡು ಸಣ್ಣ ಪಂಚಾಯಿತಿ ಮಾಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಪಂಚಾಯಿತಿ ಬಂದರೆ ಮೊದಲು ಮಾಡಬೇಕಾದದ್ದು ಡಾಂಬರು ರಸ್ತೆಯಲ್ಲ, ಕಾಲುಸಂಕ. ಈಗ ಹಳ್ಳಕ್ಕೆ ಎರಡು ಮೂರು ಮರದ ದಿಮ್ಮಿ ಹಾಕಿ ಬಳ್ಳಿ ಬಿಗಿಯುತ್ತಾರೆ. ಅದು ಹೋಗುವುದು ನೀರಿನ ಎತ್ತರದಿಂದಲ್ಲ, ಮೊದಲ ದೊಡ್ಡ ಮಳೆಗೆ ತೇಲಿ ಬರುವ ಕೊಂಬೆ-ದಿಮ್ಮಿಗಳ ಹೊಡೆತದಿಂದ, ದಡದ ಮಣ್ಣು ಬುಡದಿಂದ ಕೊರೆದುಹೋಗುವುದರಿಂದ. ಆದ್ದರಿಂದ ನಡುವೆ ಕಂಬ ಇರಬಾರದು, ಎರಡೂ ತುದಿ ಬಂಡೆಯ ಮೇಲೆ ಕೂರಬೇಕು, ಹಲಗೆ ಹಳೆಯ ನೆರೆಯ ಗುರುತಿಗಿಂತ ಕನಿಷ್ಠ ಒಂದು ಮೀಟರ್ ಮೇಲಿರಬೇಕು. ಸುಳ್ಯದ ಗಿರೀಶ್ ಭಾರದ್ವಾಜ್ ಇಂಥ ಜಾಗಗಳಿಗೆಂದೇ ನೂರಕ್ಕೂ ಹೆಚ್ಚು ತೂಗುಸೇತುವೆ ಕಟ್ಟಿ 2017ರಲ್ಲಿ ಪದ್ಮಶ್ರೀ ಪಡೆದರು. ಅವುಗಳಲ್ಲಿ ಕೆಲವು ಕೇರಳದಲ್ಲೂ ಇವೆ. ವಿದ್ಯೆ ನಮ್ಮ ರಾಜ್ಯದಲ್ಲೇ ಇದೆ.

ಅರಣ್ಯದ ಅನುಮತಿ ಎನ್ನುವ ಮಾತು ಬಂದೇ ಬರುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯ ಕಲಂ 3(2) ಶಾಲೆ, ದವಾಖಾನೆ, ಅಂಗನವಾಡಿ, ಪಡಿತರ ಅಂಗಡಿ, ಕೆರೆ, ವಿದ್ಯುತ್ ತಂತಿ, ರಸ್ತೆ ಮುಂತಾದವಕ್ಕೆ ಪ್ರತಿ ಪ್ರಕರಣದಲ್ಲಿ ಒಂದು ಹೆಕ್ಟೇರಿನವರೆಗೆ ಕಾಡಿನ ಜಾಗ ಕೊಡಲು ಬಿಡುತ್ತದೆ, ಹೆಕ್ಟೇರಿಗೆ 75 ಮರ ಮೀರದಂತೆ. ಮೂರು ಮೀಟರ್ ಅಗಲದ ಹಾದಿ ಅಂದರೆ ಒಂದು ಹೆಕ್ಟೇರಿಗೆ 3.3 ಕಿಲೋಮೀಟರ್. ಗ್ರಾಮಸಭೆಯ ಠರಾವು, ಕೆಲಸ ಮಾಡುವ ಇಲಾಖೆಯ ಅರ್ಜಿ, ವಲಯ ಅರಣ್ಯಾಧಿಕಾರಿಯ ಸ್ಥಳ ಪರಿಶೀಲನೆ, ಆಮೇಲೆ ವಿಭಾಗೀಯ ಅರಣ್ಯಾಧಿಕಾರಿಯ (ಡಿಎಫ್ಒ) ನಿರ್ಧಾರ, ಇದಿಷ್ಟೇ ಕ್ರಮ. ಫೈಲು ಸಿಕ್ಕಿಬೀಳುವುದು ಎರಡು ಕಡೆ. ಒಂದು, ಈ ಕಲಂ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯನ್ನು ಹೆಸರು ಹೇಳಿ ಬದಿಗಿಡುತ್ತದೆ, 1972ರ ವನ್ಯಜೀವಿ ಕಾಯ್ದೆಯನ್ನಲ್ಲ. ಅಭಯಾರಣ್ಯದೊಳಗೆ ಈ ಸಂದಿಯೇ ಆಕ್ಷೇಪಣೆಯಾಗುತ್ತದೆ. ಎರಡು, ಗ್ರಾಮಸಭೆಯಲ್ಲಿ ಅರ್ಧದಷ್ಟು ಹಾಜರಿ, ಅದರಲ್ಲಿ ಮೂರನೇ ಒಂದು ಪಾಲು ಹೆಂಗಸರು ಇಲ್ಲದಿದ್ದರೆ ಠರಾವೇ ಬೀಳುತ್ತದೆ. ಹತ್ತು ಹದಿನೈದು ಕಿಲೋಮೀಟರ್ ನಡೆದು ಬೇರೆ ಊರಿನ ಸಭೆಗೆ ಯಾವ ತಾಯಿ ಕೂಸನ್ನು ಕಟ್ಟಿಕೊಂಡು ಬಂದಾಳು? ಗ್ರಾಮಸಭೆ ಹಳ್ಳಿಯ ಗುಡಿಕಟ್ಟೆಯಲ್ಲೇ ಕೂರಬೇಕು, ನೋಟಿಸನ್ನು ಕನ್ನಡದ ಜೊತೆ ಅವರು ಮನೆಯಲ್ಲಾಡುವ ಮರಾಠಿ, ಕೊಂಕಣಿಯಲ್ಲೂ ಓದಿ ಹೇಳಬೇಕು. ಕಾಸರಗೋಡಿನಲ್ಲಿ ಕನ್ನಡದ ಅರ್ಜಿಗೆ ಹಕ್ಕು ಕೇಳುವ ನಾವು ಖಾನಾಪುರದಲ್ಲಿ ಇದನ್ನು ಅಲ್ಲಗಳೆಯಬಾರದು.

ವಿದ್ಯುತ್ತಿನ ಲೆಕ್ಕ ತಪ್ಪುವುದೂ ಮಳೆಯನ್ನು ಮರೆಯುವುದರಿಂದಲೇ. ಮನೆಗೆ ಏಳು ವ್ಯಾಟಿನ ಮೂರು ದೀಪ ಐದು ತಾಸು, ಜೊತೆಗೆ ಮೊಬೈಲು, ಒಟ್ಟು ದಿನಕ್ಕೆ ಸುಮಾರು 120 ವ್ಯಾಟ್-ಅವರ್. ಐದು ತಾಸು ಬಿಸಿಲು ಎಂದು ವಿಜಯಪುರದ ಲೆಕ್ಕ ಹಾಕಿದರೆ 40-50 ವ್ಯಾಟಿನ ಫಲಕ ಸಾಕು. ಜುಲೈಯಲ್ಲಿ ಆ ಕಾಡಿನಲ್ಲಿ ಒಂದೂವರೆ ತಾಸಿನಷ್ಟು ಬೆಳಕು ಸಿಕ್ಕರೆ ಪುಣ್ಯ. 150 ವ್ಯಾಟಿನ ಫಲಕ, ನಾಲ್ಕು ದಿನ ತಡೆಯುವ 80 ಆಂಪಿಯರ್-ಅವರ್ ಬ್ಯಾಟರಿ ಬೇಕು. ಸಣ್ಣದನ್ನು ಕೊಟ್ಟರೆ ಬ್ಯಾಟರಿ ದಿನವೂ ತಳ ಮುಟ್ಟುತ್ತದೆ, ಎರಡನೇ ಮಳೆಗಾಲಕ್ಕೆ ಸಾಯುತ್ತದೆ. ಇದಕ್ಕಿಂತ ಒಳ್ಳೆಯದು ಹಳ್ಳದ ನೀರು. ಸೆಕೆಂಡಿಗೆ ಐದು ಲೀಟರ್ ನೀರು 15 ಮೀಟರ್ ಎತ್ತರದಿಂದ ಪೈಪಿನಲ್ಲಿ ಇಳಿದರೆ, ಅರ್ಧ ನಷ್ಟವಾದರೂ 360 ವ್ಯಾಟ್ ಹಗಲಿರುಳು ಸಿಗುತ್ತದೆ. ಬಿಸಿಲಿಲ್ಲದ ತಿಂಗಳಲ್ಲೇ ಹಳ್ಳ ತುಂಬಿರುತ್ತದೆ. ಪೈಪಿನ ಬಾಯಿಯ ಜರಡಿಗೆ ಸಿಕ್ಕ ಎಲೆಯನ್ನು ದಿನಕ್ಕೊಮ್ಮೆ ತೆಗೆಯುವವರೊಬ್ಬರು ಬೇಕು, ಅದಕ್ಕೆ ಸಂಬಳ ಕೊಡುವ ಪಂಚಾಯಿತಿ ಬೇಕು.

ಪಡಿತರವನ್ನು ಮೇ ಮುಗಿಯುವುದರೊಳಗೆ ಒಟ್ಟಿಗೆ ಕೊಡುವುದು ಕಷ್ಟವಲ್ಲ; 2025ರಲ್ಲಿ ಮಳೆಗಾಲದ ಮೂರು ತಿಂಗಳದ್ದನ್ನು ಮುಂಗಡ ಹಂಚಲು ಕೇಂದ್ರವೇ ಹೇಳಿತ್ತು. ಗರ್ಭಿಣಿಯರ ವಿಷಯದಲ್ಲಿ ವಯನಾಡನ್ನು ನೋಡಬಹುದು. ಅಲ್ಲಿ ಆಸ್ಪತ್ರೆಯ ಬಳಿಯೇ ಹೆರಿಗೆಗೆ ಮುಂಚೆ ಬಂದು ಉಳಿಯುವ ಮನೆಗಳಿವೆ. ಖಾನಾಪುರದಲ್ಲಿ ಅಂಥದೊಂದು ಇದ್ದರೆ 36ನೇ ವಾರಕ್ಕೇ ಕಾಡಿನಿಂದ ಇಳಿಸಬಹುದು, ಜೊತೆಗೊಬ್ಬರಿಗೆ ಊಟ ಮತ್ತು ದಿನಗೂಲಿ ಕೊಟ್ಟರೆ ಮಾತ್ರ ಬರುತ್ತಾರೆ. ನಾಟಿಯ ಹೊತ್ತಿನಲ್ಲಿ ಮನೆ ಬಿಟ್ಟು ಬರುವುದು ಸಣ್ಣ ಮಾತಲ್ಲ.

ಇನ್ನು ಈ ಹಳ್ಳಿಗಳನ್ನು ಕಾಡಿನಿಂದ ಹೊರಗೆ ಸ್ಥಳಾಂತರಿಸುವ ಮಾತು. 2025ರಲ್ಲಿ ತಳೇವಾಡಿಯ 27 ಕುಟುಂಬಗಳಿಂದ ಅದು ಶುರುವಾಯಿತು. ಕುಟುಂಬಕ್ಕೆ 15 ಲಕ್ಷ, ಮೊದಲು 10, ಜಾಗ ಬಿಟ್ಟ ಮೇಲೆ 5. ಕಾಡಿನಿಂದ ಒಪ್ಪಿ ಹೊರಬರುವವರಿಗಾಗಿ ಇರುವ ಕೇರಳದ ನವಕಿರಣಂ ಯೋಜನೆಯಲ್ಲೂ ಮೊತ್ತ ಅದೇ 15 ಲಕ್ಷ. ಒಪ್ಪಿ ಹೋಗುವವರನ್ನು ತಡೆಯಬಾರದು, ಮಕ್ಕಳ ಓದಿಗಾಗಿ ಹೋಗುವವರ ನಿರ್ಧಾರ ಗೌರವಕ್ಕೆ ಅರ್ಹ. ಆದರೆ ಆ ದುಡ್ಡಿನಲ್ಲಿ ನಿವೇಶನ, ಮನೆ ಆದ ಮೇಲೆ ಹೊಲಕ್ಕೆ ಏನೂ ಉಳಿಯುವುದಿಲ್ಲ. ಭತ್ತ, ನಾಚಣಿ, ದನ, ಮುರುಗಲು ನಂಬಿ ಬದುಕಿದವರು ಗೋವಾಕ್ಕೆ ಕೂಲಿಗೆ ಹೋಗಬೇಕಾಗುತ್ತದೆ. ಅರಣ್ಯ ಹಕ್ಕಿನ ಅರ್ಜಿ ಮೊದಲು ಇತ್ಯರ್ಥವಾಗಬೇಕು, ಪರಿಶಿಷ್ಟ ಪಂಗಡಕ್ಕೆ ಸೇರದ ಕುಟುಂಬವಾದರೆ 2005ರ ಡಿಸೆಂಬರ್ 13ಕ್ಕೆ ಹಿಂದಿನ 75 ವರ್ಷದ ವಾಸದ ಪುರಾವೆ ಸಮೇತ. ಹಣ ಗಂಡ-ಹೆಂಡತಿಯ ಜಂಟಿ ಖಾತೆಗೇ ಬೀಳಬೇಕು.

ಒಂದು ಆತಂಕವಿದೆ. ಒಂದೊಂದೇ ಹಳ್ಳಿ ಖಾಲಿಯಾದಂತೆ ಉಳಿದವರ ಸಂಖ್ಯೆ 2,500ರ ಗೆರೆಗಿಂತ ಕೆಳಗಿಳಿಯುತ್ತದೆ. ಮುಂದಿನ ಪಂಚಾಯಿತಿ ಗಡಿ ವಿಂಗಡಣೆಗೆ ಆಕ್ಷೇಪಣೆ ಕರೆಯುವಾಗ ಹದಿಮೂರೂ ಹಳ್ಳಿಗಳ ಸಹಿಯುಳ್ಳ ಅರ್ಜಿ ಬೆಳಗಾವಿ ಜಿಲ್ಲಾಧಿಕಾರಿಯ ಮೇಜಿನ ಮೇಲಿರಬೇಕು.