‘ಹೂಂ ಕಣವ್ವ’ ಅಂದ್ರೆ ಅರ್ಥ ಆಯ್ತು ಅಂತಲ್ಲ

ಕಳೆದ ತಿಂಗಳು ಪಾಂಡವಪುರದ ಹತ್ತಿರ ನಮ್ಮೂರಿಗೆ ಹೋಗಿದ್ದೆ. ಚಿಕ್ಕಪ್ಪ 16 ದಿನ ಐಸಿಯುನಲ್ಲಿದ್ದು ಮನೆಗೆ ಬಂದು ನಾಲ್ಕು ದಿನ ಆಗಿತ್ತು. ಮೂಗಿನಲ್ಲಿ ಊಟದ ಪೈಪು. ಚಿಕ್ಕಮ್ಮ ಸಿರಿಂಜ್ ಹಿಡಿದು ಒತ್ತುತ್ತಿದ್ದಾರೆ, ಒಂದು ಹನಿಯೂ ಒಳಗೆ ಹೋಗುತ್ತಿಲ್ಲ. ರಾಗಿ ಗಂಜಿ. ಸೋಸಿಲ್ಲ. ಪೈಪಿನೊಳಗೇ ಗಟ್ಟಿಯಾಗಿ ಕೂತಿದೆ.

“ಡಿಸ್ಚಾರ್ಜ್ ದಿನ ಯಾರೂ ಹೇಳಿಕೊಡಲಿಲ್ವಾ ಚಿಕ್ಕಮ್ಮ?”

“ಹೇಳುದ್ರು ಕಣವ್ವ. ಪಾಪ, ಆ ಹುಡ್ಗಿ ಚೆನ್ನಾಗೇ ಹೇಳುದ್ಲು. ನಾನು ಹೂಂ ಹೂಂ ಅಂದೆ.”

ನಾನು ಮೈಸೂರಿನಲ್ಲಿ ನರ್ಸಿಂಗ್ ಮಕ್ಕಳಿಗೆ ಪಾಠ ಮಾಡುವವಳು. ಆ ಮಾತು ಕೇಳಿ ನಾಚಿಕೆಯಾಯಿತು. ಆ ಹುಡುಗಿ ನಮ್ಮಂಥವರ ಹತ್ತಿರ ಕಲಿತವಳೇ ಅಲ್ವಾ?

ನಾವು ಕಲಿಸೋದು ಹೇಗೆ ಗೊತ್ತಾ? ‘ಹೆಲ್ತ್ ಟಾಕ್’ ಅಂತ ಒಂದಿದೆ, ಪೇಶೆಂಟ್ ಕಡೆಯವರಿಗೆ ಆರೈಕೆ ಹೇಳಿಕೊಡೋದು. ಲೆಸನ್ ಪ್ಲಾನ್ ಬರೆಯಬೇಕು. ಚಾರ್ಟ್ ಶೀಟಿಗೆ ಸ್ಕೆಚ್ ಪೆನ್ನಿನಲ್ಲಿ ಬಾರ್ಡರ್ ಹಾಕಬೇಕು. ಪೇಶೆಂಟ್ ಕಡೆಯವರು ನಾಲ್ಕು ಜನ ಸುತ್ತ ನಿಲ್ಲುತ್ತಾರೆ. ಕೊನೆಗೆ “ಅರ್ಥ ಆಯ್ತಾ?” “ಹೂಂ.” ಮುಗೀತು. ಮಾರ್ಕ್ಸು ಚಾರ್ಟಿಗೆ, ದನಿಗೆ, ಇಸ್ತ್ರಿ ಹಾಕಿದ ಯೂನಿಫಾರ್ಮಿಗೆ. ನಾನೂ ಹಾಗೇ ಕೊಟ್ಟಿದ್ದೀನಿ, ಸುಳ್ಳು ಯಾಕೆ ಹೇಳಲಿ.

“ಅರ್ಥ ಆಯ್ತಾ” ಅಂತ ಕೇಳಿದರೆ ನಮ್ಮ ಕಡೆ ಯಾರೂ ಇಲ್ಲ ಅನ್ನಲ್ಲ. ಎದುರಿಗೆ ಬಿಳಿ ಕೋಟು ನಿಂತಿದ್ದರಂತೂ ಮುಗಿದೇ ಹೋಯ್ತು. “ಈಗ ನೀವೇ ಮಾಡಿ ತೋರಿಸಿ ಅವ್ವಾ” ಅನ್ನಬೇಕು. ಇದಕ್ಕೆ ಟೀಚ್ ಬ್ಯಾಕ್ ಅನ್ನೋ ಹೆಸರಿದೆ, ಪಠ್ಯದಲ್ಲೂ ಓದಿಸುತ್ತೇವೆ. ವಾರ್ಡಿನಲ್ಲಿ ಮಾಡಿಸೋದು ಅಪರೂಪ.

ಇನ್ನೊಂದು, ಹೇಳಿಕೊಡೋದು ಯಾರಿಗೆ? ಡಿಸ್ಚಾರ್ಜ್ ದಿನ ಮಗ ಬಿಲ್ ಕೌಂಟರಿನಲ್ಲಿ, ಅಳಿಯ ಗಾಡಿ ಹುಡುಕೋಕೆ. ಕೈಗೆ ಸಿಕ್ಕವರಿಗೆ ಹೇಳಿ ಕಳಿಸುತ್ತೇವೆ. ಮನೆಯಲ್ಲಿ ಎರಡೆರಡು ಗಂಟೆಗೆ ಪೇಶೆಂಟಿನ ಮಗ್ಗುಲು ಬದಲಾಯಿಸಬೇಕಾದ ಸೊಸೆ ಆಸ್ಪತ್ರೆಗೇ ಬಂದಿರಲ್ಲ. ಅವಳನ್ನು ಎರಡು ಮೂರು ದಿನ ಮೊದಲೇ ಕರೆಸಬೇಕು. ಸ್ಟಾಫ್ ನರ್ಸಿಗೆ ಟೈಮ್ ಎಲ್ಲಿದೆ ಅಂತೀರಾ? ನಿಜ, ಇಲ್ಲ. ಆದರೆ ಪೋಸ್ಟಿಂಗಿಗೆ, ಅಂದರೆ ವಾರ್ಡಿನಲ್ಲಿ ಕೆಲಸ ಕಲಿಯೋಕೆ ಬಂದ ನಮ್ಮ ಮಕ್ಕಳು ಒಂದೊಂದು ಮಂಚದ ಸುತ್ತ ನಾಲ್ಕೈದು ಜನ ಸುಮ್ನೆ ನಿಂತಿರುತ್ತಾರಲ್ಲ!

ಭಾಷೆ ಬೇರೆ. ಕೇರಳದ ಮಕ್ಕಳು ಜಾಸ್ತಿ, ಪಾಪ ಕಷ್ಟಪಟ್ಟು ಕನ್ನಡ ಕಲಿಯುತ್ತಾರೆ. ಆದರೆ ‘ಸೆಮಿ ಫೌಲರ್ ಪೊಸಿಷನ್’ ಅನ್ನೋದನ್ನು ಮಂಡ್ಯದ ಅಜ್ಜಿಗೆ ಹೇಗೆ ಹೇಳಬೇಕು ಅಂತ ನಮ್ಮ ಕನ್ನಡದ ಮಕ್ಕಳಿಗೂ ಹೊಳೆಯಲ್ಲ. ಒರಗಿಸಿ ಕೂರಿಸಿ ಅಂದರೆ ಆಯ್ತು. ತಲೆಭಾಗ 30ರಿಂದ 45 ಡಿಗ್ರಿ ಎತ್ತರ ಅಂತ ಪುಸ್ತಕ ಹೇಳುತ್ತೆ. ನಮ್ಮೂರ ಮಂಚಕ್ಕೆ ಹ್ಯಾಂಡಲ್ ಇಲ್ಲ. ಕುರ್ಚಿಯನ್ನು ಬೋರಲು ಹಾಕಿ, ಅದರ ಬೆನ್ನಿಗೆ ದಿಂಬಿಟ್ಟು ಚಿಕ್ಕಪ್ಪನನ್ನು ಒರಗಿಸಿದೆವು. ಗಂಜಿ ಹಾಕಿದ ಮೇಲೂ ಒಂದು ಗಂಟೆ ಹಾಗೇ.

ರಾತ್ರಿಯದು ಬೇರೆಯೇ ಕಥೆ. “ಕೈ ಕಟ್ಟಾಕವ್ರೆ, ಬಿಚ್ರೋ” ಅಂತ ಚಿಕ್ಕಪ್ಪ ಕೂಗುತ್ತಿದ್ದರಂತೆ. ಗಾಳಿ ಸೋಕಿದೆ ಅಂದರು ಪಕ್ಕದ ಮನೆಯವರು. ತಾಯತ ಬಂತು. ತಾಯತದ ಬಗ್ಗೆ ನನಗೆ ತಕರಾರಿಲ್ಲ, ಕಟ್ಟಲಿ. ಆದರೆ ಐಸಿಯುನಿಂದ ಬಂದವರಿಗೆ ಕೆಟ್ಟ ಕನಸು, ಮರೆವು, ಭಯ, ಕೈಕಾಲು ಸೋಲೋದು ಇರುತ್ತೆ ಅಂತ ಯಾರಾದರೂ ಮೊದಲೇ ಹೇಳಿದ್ದರೆ ಆ ಮನೆ ಅಷ್ಟು ಹೆದರುತ್ತಿರಲಿಲ್ಲ. ಇದಕ್ಕೆ ‘ಪೋಸ್ಟ್ ಇಂಟೆನ್ಸಿವ್ ಕೇರ್ ಸಿಂಡ್ರೋಮ್’ ಅಂತಾರೆ. 2012ರಿಂದಲೇ ವೈದ್ಯಕೀಯ ಪತ್ರಿಕೆಗಳಲ್ಲಿದೆ. ಮನೆಯವರಿಗೂ ಇದರ ಪೆಟ್ಟು ಬೀಳುತ್ತೆ ಅಂತ ಅದರಲ್ಲೇ ಹೇಳಿದ್ದಾರೆ. ಚಿಕ್ಕಮ್ಮ ರಾತ್ರಿಯಿಡೀ ಚಿಕ್ಕಪ್ಪನ ಎದೆ ಮೇಲೆ ಕೈ ಇಟ್ಟುಕೊಂಡೇ ಕೂತಿರುತ್ತಾರೆ. ಉಸಿರಾಡ್ತಿದ್ದಾರಾ ಅಂತ ನೋಡೋಕೆ.

ಮಂಡ್ಯಕ್ಕೆ ಕರೆದುಕೊಂಡು ಹೋಗಿ ಪೈಪ್ ಬದಲಾಯಿಸಿದ್ದಾಯಿತು. ಮೊದಲು ನೀರು, ಆಮೇಲೆ ಸೋಸಿದ ಗಂಜಿ, ತಿರುಗ ನೀರು. ಮೂರನೇ ಸಲಕ್ಕೆ ಚಿಕ್ಕಮ್ಮ ನನಗಿಂತ ನೀಟಾಗಿ ಮಾಡಿದರು.

ಈ ಸಲದ ಮೌಲ್ಯಮಾಪನದಲ್ಲಿ ಚಾರ್ಟಿನ ಮಾರ್ಕ್ಸ್ ತೆಗೆದು, ಮನೆಯವರು ಮಾಡಿ ತೋರಿಸಿದ್ದಕ್ಕೆ ಕೊಡುತ್ತಿದ್ದೇನೆ. ನಿನ್ನೆ ಒಬ್ಬಳು ಮುಖ ಊದಿಸಿಕೊಂಡು ಬಂದಳು. “ಮೇಡಂ, ಅವರು ತಪ್ಪು ಮಾಡಿದರೆ ನನ್ನ ಮಾರ್ಕ್ಸ್ ಯಾಕೆ ಕಟ್?”

ಹೋಗಿ ಇನ್ನೊಂದು ಸಲ ಹೇಳಿಕೊಟ್ಟು ಬಾ, ಆಮೇಲೆ ಮಾರ್ಕ್ಸ್ ಮಾತಾಡೋಣ ಅಂದೆ. ಗೊಣಗಿಕೊಂಡೇ ವಾರ್ಡಿಗೆ ಹೋದಳು.