ಕಲಬುರಗಿ ಬಿಸಿಲಲ್ಲಿ ಇದು ಯಾವ ಊರಿನ ಹುಲ್ಲು?

ಸೇಡಂ ರಸ್ತೆಯಲ್ಲಿ ಒಂದು ಹೊಸ ಲೇಔಟಿನ ದೊಡ್ಡ ಫ್ಲೆಕ್ಸ್ ಹಾಕಿದ್ದಾರೆ, ಕಂಪ್ಯೂಟರಿನಲ್ಲಿ ಮಾಡಿದ ಮನೆಯ ಚಿತ್ರ. ಈಗಷ್ಟೇ ನೋಡಿಕೊಂಡು ಬಂದೆ. ಮನೆ ಚೆನ್ನಾಗಿದೆ. ಗೋಡೆ, ಗಾಜು, ನೆರಳು ಎಲ್ಲವೂ ಚೆನ್ನಾಗಿವೆ. ಹುಲ್ಲು ನೋಡಿ ತಲೆ ಕೆಟ್ಟುಹೋಯ್ತು. ಒಂದೇ ಎತ್ತರ, ಒಂದೇ ಹಸಿರು, ಕೇರಂ ಬೋರ್ಡಿನಂತೆ ಸಪಾಟು. ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲು ಕಾಣುವ ಊರು ನಮ್ಮದು. ಇಲ್ಲಿ ಇಂಥ ಹುಲ್ಲು ಯಾರ ಮನೆ ಮುಂದಿದೆ?

ನನ್ನದೂ ಇದೇ ಥ್ರೀಡಿ ಕೆಲಸ, ಕಟ್ಟುವ ಮೊದಲೇ ಮನೆಯ ಚಿತ್ರ ಕಂಪ್ಯೂಟರಿನಲ್ಲಿ ಮಾಡುವುದು. ಅದಕ್ಕೇ ಸಿಟ್ಟು ಜಾಸ್ತಿ. ಈ ಕೆಲಸದವರು ಸೋಫಾದ ಹೊಲಿಗೆ ಕಾಣಬೇಕು ಅಂತ ರಾತ್ರಿಯೆಲ್ಲ ಕೂರುತ್ತಾರೆ. ಹುಲ್ಲಿನ ಸರದಿ ಬಂದಾಗ ಸಾಫ್ಟ್‌ವೇರಿನ ಲೈಬ್ರರಿಯಿಂದ ಒಂದು ಪ್ರಿಸೆಟ್, ಅಂದರೆ ರೆಡಿಮೇಡ್ ಹುಲ್ಲು, ಎಳೆದು ಹಾಕಿ ಕೈ ತೊಳೆದುಕೊಳ್ಳುತ್ತಾರೆ.

ನಮ್ಮ ಗರಿಕೆಯನ್ನು ಒಮ್ಮೆ ಬಗ್ಗಿ ನೋಡಿ. ಅದು ನೆಟ್ಟಗೆ ನಿಲ್ಲುವುದಕ್ಕಿಂತ ನೆಲ ಹಿಡಿದು ಹಬ್ಬುವುದೇ ಹೆಚ್ಚು. ಗೆಣ್ಣುಗೆಣ್ಣಿಗೂ ಬೇರು ಬಿಡುತ್ತದೆ. ಶಹಾಬಾದ್ ಫರಶಿಯ ಅಂಚು ದಾಟಿ ಕಲ್ಲಿನ ಮೇಲೂ ಕೈ ಚಾಚುತ್ತದೆ. ರೆಂಡರಿನಲ್ಲಿ, ಅಂದರೆ ಕಂಪ್ಯೂಟರ್ ತೆಗೆದುಕೊಡುವ ಚಿತ್ರದಲ್ಲಿ ಮಾತ್ರ, ಫರಶಿ ಪಕ್ಕ ಹುಲ್ಲನ್ನು ಬ್ಲೇಡಿನಿಂದ ಕತ್ತರಿಸಿದ ಹಾಗಿರುತ್ತದೆ. ಸುಳ್ಳು ಮೊದಲು ಕಣ್ಣಿಗೆ ಬೀಳುವುದೇ ಆ ಗೆರೆಯಲ್ಲಿ. ಅಂಚಿಗೆ ನಾಲ್ಕು ಕುಡಿ ಬಿಡಿಸಿ, ಸಾಕು.

ಹುಲ್ಲು ಹರಡುವ ಸಾಫ್ಟ್‌ವೇರ್ ಫಾರೆಸ್ಟ್ ಪ್ಯಾಕ್ ಇರಲಿ, ಕೇಯಾಸ್ ಸ್ಕ್ಯಾಟರ್ ಇರಲಿ, ಬ್ಲೆಂಡರ್ ಇರಲಿ, ಮಾಡುವುದು ಒಂದೇ. ಗಿಡ್ಡ, ಉದ್ದ, ಒಣಗಿದ್ದು ಅಂತ ಮೂರ್ನಾಲ್ಕು ತರದ ಗುಂಪು ಮಾಡಿ. ಸೈಜು, ತಿರುವು, ಬಣ್ಣ ಎಲ್ಲದರಲ್ಲೂ ಏರುಪೇರು ಕೊಡಿ. ನಾಯ್ಸ್ ಮ್ಯಾಪ್ (ಅಡ್ಡಾದಿಡ್ಡಿ ಕಪ್ಪುಬಿಳುಪು ಮಚ್ಚೆಗಳ ಚಿತ್ರ) ಹಾಕಿ ಅಲ್ಲಲ್ಲಿ ತೆಳುವಾಗಿಸಿ, ಎರೆಮಣ್ಣು ಇಣುಕಲಿ. ಬೇವಿನ ಮರದ ಬುಡದಲ್ಲಿ ಹುಲ್ಲು ಕಡಿಮೆ, ಉದುರಿದ ಎಲೆ ಜಾಸ್ತಿ ಇರಲಿ. ಎಸಳಿಗೆ ಟ್ರಾನ್ಸ್‌ಲುಸೆನ್ಸಿ ಮರೆಯಬೇಡಿ. ಬೆಳಗಿನ ಬಿಸಿಲು ಎದುರಿಂದ ಬಿದ್ದಾಗ ಎಸಳಿನ ಒಳಗಿಂದ ಬೆಳಕು ಹಾದು ಹಳದಿ ಹಸಿರು ಹೊಮ್ಮುತ್ತದಲ್ಲ, ಅದಿಲ್ಲದಿದ್ದರೆ ಹುಲ್ಲು ಪ್ಲಾಸ್ಟಿಕ್ಕೇ.

ಇಷ್ಟೆಲ್ಲ ಹುಲ್ಲು ಹಾಕಿದರೆ ಸಿಸ್ಟಮ್ ಎಳೆಯುವುದಿಲ್ಲ ಅನ್ನುತ್ತಾರೆ. ಈ ಮಾತು ನಾನು ಒಪ್ಪುವುದಿಲ್ಲ. ಇನ್‌ಸ್ಟೆನ್ಸ್ ಮಾಡಿದರೆ, ಅಂದರೆ ಹೊಸ ಪ್ರತಿ ಮಾಡದೆ ಅದನ್ನೇ ಮತ್ತೆ ಮತ್ತೆ ತೋರಿಸಿದರೆ, ಒಂದೇ ಗುಂಪು ಲಕ್ಷ ಕಡೆ ಕಂಡರೂ ಮೆಮೊರಿಯಲ್ಲಿ ಕೂರುವುದು ಒಂದೇ ಸಲ. ದೂರದ ಹುಲ್ಲಿಗೆ ಬರೀ ಟೆಕ್ಸ್ಚರ್, ಅಂದರೆ ನೆಲಕ್ಕೆ ಅಂಟಿಸಿದ ಹುಲ್ಲಿನ ಚಿತ್ರ, ನಡೆಯುತ್ತದೆ.

ಗಿರಾಕಿ ಹಸಿರೇ ಕೇಳುತ್ತಾರೆ ಅನ್ನುವವರೂ ಇದ್ದಾರೆ. ಕೇಳಲಿ, ಕೊಡಿ. ಮುಂಗಾರು ಬಿದ್ದಮೇಲೆ ನಮ್ಮ ಗರಿಕೆ ಎಷ್ಟು ಚೆಂದ ಚಿಗುರುತ್ತದೆ! ಆ ಹಸಿರು ಕೊಡಿ. ತಂಪು ದೇಶದ ಲಾನ್ ಯಾಕೆ?

ನಮ್ಮಪ್ಪ ಪ್ಲಾಟ್ ತಗೊಂಡಿದ್ದೂ ಇಂಥದೇ ಒಂದು ಚಿತ್ರ ನೋಡಿ. ರಿಟೈರ್ಮೆಂಟ್ ದುಡ್ಡಷ್ಟೂ ಹಾಕಿದರು. ಬೇಸಿಗೆಯಲ್ಲಿ ಹೋಗಿ ನಿಂತರೆ ಕಾಲು ಸಿಕ್ಕುವಷ್ಟು ಬಿರುಕುಬಿಟ್ಟ ನೆಲ. ಅಪ್ಪ ಏನೂ ಅನ್ನಲಿಲ್ಲ. ನನಗೆ ಇವತ್ತಿಗೂ ಅದು ಸಹಿಸಲಾಗುವುದಿಲ್ಲ. ನಾವು ಹಾಕುವ ಹುಲ್ಲನ್ನು ಜನ ನಂಬುತ್ತಾರೆ ಕಣ್ರಪ್ಪ.

ಪಬ್ಲಿಕ್ ಗಾರ್ಡನ್ನಿಗೆ ಹೋಗಿ, ಮೊಣಕಾಲೂರಿ, ಮೊಬೈಲಿನಲ್ಲಿ ಹುಲ್ಲಿನ ಫೋಟೊ ತೆಗೆದುಕೊಳ್ಳಿ. ಜೂನ್‌ನಲ್ಲೊಮ್ಮೆ, ಏಪ್ರಿಲ್‌ನಲ್ಲೊಮ್ಮೆ. ಹೋಗಲು ಪುರುಸೊತ್ತಿಲ್ಲದವರು ಕಾಮೆಂಟಿನಲ್ಲಿ ಹೇಳಿ, ನನ್ನ ಹತ್ತಿರ ಇರುವ ಫೋಟೊಗಳನ್ನೆಲ್ಲ ಕಳಿಸುತ್ತೇನೆ. ದುಡ್ಡು ಬೇಡ.