ಮೈಸೂರಿಗೆ ಹೋಗುವವರು ಹೈದರಾಬಾದ್ ರಸ್ತೆ ಹಿಡಿಯಿರಿ

ಬೆಂಗಳೂರಿನಿಂದ ಮೈಸೂರಿಗೆ ವಿಮಾನದಲ್ಲಿ ಎಷ್ಟು ಹೊತ್ತಿನ ದಾರಿ ಎಂದು ಕೇಳಿದರೆ ಒಂದು ಗಂಟೆಯೊಳಗಿನ ಮಾತು ಎಂಬ ಉತ್ತರ ಸಿಗುತ್ತದೆ, ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆ ಹೊತ್ತನ್ನು ಎಲ್ಲಿಂದ ಎಲ್ಲಿಯವರೆಗೆ ಎಣಿಸಿದರು ಎಂದು ಮಾತ್ರ ಕೇಳಬಾರದು.

ಮೈಸೂರು ಇರುವುದು ಬೆಂಗಳೂರಿನ ನೈಋತ್ಯಕ್ಕೆ. 2008ರಲ್ಲಿ ದೇವನಹಳ್ಳಿಯ ಬಳಿ ಆರಂಭವಾದ ವಿಮಾನ ನಿಲ್ದಾಣವಿರುವುದು ನಗರದ ನಡುಭಾಗದಿಂದ ಸುಮಾರು 35 ಕಿ.ಮೀ. ಉತ್ತರಕ್ಕೆ. ಹೀಗಾಗಿ ಮೈಸೂರಿಗೆ ಹೊರಟ ಪ್ರಯಾಣಿಕನು ಮೊದಲು ಮೈಸೂರಿಗೆ ಬೆನ್ನು ತಿರುಗಿಸಿ, ಹೆಬ್ಬಾಳದ ಮೇಲ್ಸೇತುವೆಯಲ್ಲಿ ತನ್ನ ಪಾಲಿನ ತಪಸ್ಸನ್ನು ಮುಗಿಸಿ, ಹೈದರಾಬಾದ್ ಹೆದ್ದಾರಿಯಲ್ಲಿ ಸಾಗಬೇಕು. ಅಲ್ಲಿಂದ ಮೈಸೂರಿನ ವಿಮಾನ ನಿಲ್ದಾಣವಿರುವ ಮಂಡಕಳ್ಳಿಗೆ ಆಕಾಶದಲ್ಲಿ ಗೆರೆ ಎಳೆದಂತೆ ನೇರವಾಗಿ ಅಳೆದರೂ 155 ಕಿ.ಮೀ. ಆಗುತ್ತದೆ, ಮೆಜೆಸ್ಟಿಕ್‌ನಿಂದ ಹೊರಡುವ ರೈಲಿಗಾದರೋ ಮೈಸೂರು 140 ಕಿ.ಮೀ. ಕೂಡ ಇಲ್ಲ. ನೆಲದ ದಾರಿಗಿಂತ ಆಕಾಶದ ದಾರಿಯೇ ಉದ್ದವಾಗಿರುವ ಈ ಲೆಕ್ಕವನ್ನು ಕೊಕ್ಕರೆ ಬೆಳ್ಳೂರಿನ ಕೊಕ್ಕರೆಗಳೂ ಒಪ್ಪಲಾರವು. ಮಂಡಕಳ್ಳಿಯಲ್ಲಿ ಇಳಿದವನು ಮೈಸೂರು ಪೇಟೆ ಸೇರಲು ಮತ್ತೆ ಹತ್ತು ಕಿ.ಮೀ. ಆಚೀಚೆ ಹಿಂದಕ್ಕೆ ಬರಬೇಕೆಂಬುದನ್ನು ಇಲ್ಲಿ ಔದಾರ್ಯದಿಂದ ಬಿಟ್ಟಿದ್ದೇನೆ.

ಇನ್ನು ಗಡಿಯಾರದ ವಿಷಯ. ವಿಮಾನಯಾನದಲ್ಲಿ ಪ್ರಯಾಣವೆಂದರೆ ವಿಮಾನವು ನಿಂತ ಜಾಗದಿಂದ ಕದಲಿದ ಕ್ಷಣದಿಂದ ಇನ್ನೊಂದು ಜಾಗದಲ್ಲಿ ನಿಲ್ಲುವವರೆಗಿನ ಅವಧಿ. ಅದಕ್ಕೂ ಮೊದಲು ಒಂದು ಗಂಟೆ ಇರುವಾಗಲೇ ಕೌಂಟರ್ ಮುಚ್ಚುವುದು, ಬೆಲ್ಟು ಬಿಚ್ಚಿ ಟ್ರೇಯಲ್ಲಿಟ್ಟು ಕೈಯೆತ್ತಿ ನಿಲ್ಲುವುದು, ಬಂದಿಳಿದ ಮೇಲೆ ಪೆಟ್ಟಿಗೆಗಾಗಿ ಕಾಯುವುದು, ಇವೆಲ್ಲ ಪ್ರಯಾಣಿಕನ ಸ್ವಂತ ಹವ್ಯಾಸಗಳು. ಕದಲಿದ ಮೇಲಿನ ಅವಧಿಗೂ ಕೆಲವು ನಿಮಿಷಗಳನ್ನು ಮುಂದಾಲೋಚನೆಯಿಂದ ಸೇರಿಸಿಟ್ಟಿರುತ್ತಾರೆ. ಅದಕ್ಕೂ ಮೀರಿ ಕಾಲು ಗಂಟೆಯೊಳಗಿನ ವಿಳಂಬವನ್ನು ಅಂಕಿಅಂಶಗಳು ವಿಳಂಬವೆಂದೇ ಪರಿಗಣಿಸುವುದಿಲ್ಲ. ಇಷ್ಟಾದ ಮೇಲೆ, ಹತ್ತು ನಿಮಿಷ ಮುಂಚಿತವಾಗಿ ತಲುಪಿದ್ದೇವೆ ಎಂಬ ಹೆಮ್ಮೆಯ ಘೋಷಣೆ ಕೇಳಿ ಚಪ್ಪಾಳೆ ತಟ್ಟದವನು ಕೃತಘ್ನನೇ ಸರಿ.

ಕೆಂಗೇರಿಯ ಗೃಹಸ್ಥರೊಬ್ಬರು ಈ ಸೌಲಭ್ಯವನ್ನು ಬಳಸಿಕೊಂಡರೆನ್ನಿ. ಅವರು ಊರನ್ನೆಲ್ಲ ಸೀಳಿಕೊಂಡು ದೇವನಹಳ್ಳಿ ಮುಟ್ಟುವ ಹೊತ್ತಿಗೆ, ಅದೇ ಗಳಿಗೆಯಲ್ಲಿ ಬಸ್ಸು ಹತ್ತಿದ ಪಕ್ಕದ ಮನೆಯವರು ಮದ್ದೂರಿನಲ್ಲಿ ವಡೆ ತಿಂದು ಕೈ ಒರೆಸಿಕೊಂಡಿರುತ್ತಾರೆ. ಈ ಕಷ್ಟಕ್ಕೆ ಪರಿಹಾರವೇ ಇರಲಿಲ್ಲ ಎನ್ನುವಂತಿಲ್ಲ: ಮೆಟ್ರೊ ರೈಲು ವಿಮಾನ ನಿಲ್ದಾಣವನ್ನು ತಲುಪುವುದಕ್ಕೆ ಎಷ್ಟೋ ಮೊದಲು, 2018ರಲ್ಲೇ, ಎಲೆಕ್ಟ್ರಾನಿಕ್ ಸಿಟಿಯಿಂದ ಅಲ್ಲಿಗೆ ಹೆಲಿಕಾಪ್ಟರ್ ಹಾರಿತ್ತು. ಹಾರುವುದಕ್ಕಾಗಿ ಹಾರಿಕೊಂಡು ಹೋಗುವ ಇಂಥ ಯೋಗ ಬೇರೆ ಊರಿನವರಿಗೆ ಲಭಿಸಲು ಪುಣ್ಯ ಬೇಕು. 2010ರಿಂದೀಚೆಗೆ ಬೆಂಗಳೂರು–ಮೈಸೂರು ವಿಮಾನಗಳು ಹಲವು ಸಲ ಶುರುವಾಗಿ ಹಲವು ಸಲ ನಿಂತಿವೆ. 2019ರಲ್ಲೂ ಒಮ್ಮೆ ಶುಭಾರಂಭವಾಯಿತು. ಪ್ರತಿಸಲವೂ ಶುರುವಾದಾಗ ನಡೆಯುವ ಸಂಭ್ರಮ ನಿಂತಾಗ ನಡೆಯುವುದಿಲ್ಲ.

ಈಗ ರಸ್ತೆಯವರೂ ಇದೇ ಗಣಿತ ಕಲಿತಿದ್ದಾರೆ. 2023ರ ಮಾರ್ಚ್ 12ರಂದು ದಶಪಥ ಹೆದ್ದಾರಿ ಉದ್ಘಾಟನೆಯಾದಾಗ ಮೂರು ಗಂಟೆಯ ಪ್ರಯಾಣ 75 ನಿಮಿಷಕ್ಕೆ ಇಳಿಯಿತೆಂದು ಸಾರಲಾಯಿತು. ಒಂದು ವಾರದೊಳಗೆ ಮಳೆ ಬಂದು ರಾಮನಗರದ ಬಳಿ ಹೆದ್ದಾರಿಯ ಮೇಲೆಯೇ ನೀರು ನಿಂತು ವಾಹನಗಳು ಸಿಕ್ಕಿಕೊಂಡವು. ಆದರೂ 75 ನಿಮಿಷಕ್ಕೆ ಧಕ್ಕೆಯಿಲ್ಲ. ವಿಮಾನದವರ ಪದ್ಧತಿಯಂತೆ, ನೀರು ಇಳಿದು ಗಾಡಿ ಕದಲಿದ ಮೇಲೆ ಎಣಿಸತೊಡಗಿದರಾಯಿತು.